ಎಚ್ಚರಿಕೆಯ ಗಂಟೆಗೂ ಪ್ರಮಾಣ ಬೇಕು

ಹಗಲು ದುಡಿದು ರಾತ್ರಿ ನಿದ್ರಿಸುವುದು ದೇಹಧರ್ಮ. ಆದರೆ ಬೆಂಗಳೂರಿನ ಅನೇಕ ಮನೆಗಳಲ್ಲಿ ಈಗ ನಡುರಾತ್ರಿ ಎರಡು ಗಂಟೆಗೆ ದಿಂಬಿನ ಪಕ್ಕದ ಮೊಬೈಲ್ 'ಟಣ್' ಎನ್ನುತ್ತದೆ. ಮಗನೋ ಸೊಸೆಯೋ ತಟ್ಟನೆ ಎದ್ದು ಪರದೆ ನೋಡಿ ಮತ್ತೆ ಮಲಗುತ್ತಾರೆ. 'ಇಷ್ಟು ಹೊತ್ತಿನಲ್ಲಿ ಯಾರಪ್ಪಾ ಅದು?' ಎಂದು ಪಕ್ಕದ ಕೋಣೆಯಿಂದ ತಾಯಿ ಕೇಳಿದರೆ, 'ಯಾರೂ ಇಲ್ಲಮ್ಮ, ಆಫೀಸಿನ ಮೆಸೇಜು' ಎಂಬ ಉತ್ತರ ಬರುತ್ತದೆ. ಈ ಉತ್ತರ ಅಕ್ಷರಶಃ ನಿಜ. ಆ ಸಂದೇಶವನ್ನು ಕಳುಹಿಸಿದವರು ಯಾರೂ ಇಲ್ಲ. ಕಳುಹಿಸಿದ್ದು ಒಂದು ಕಂಪ್ಯೂಟರ್ ಪ್ರೋಗ್ರಾಂ.

ಸಾಫ್ಟ್‌ವೇರ್ ಕೆಲಸಗಾರರ ಆರೋಗ್ಯ ಎಂದೊಡನೆ ಬೆನ್ನುನೋವು, ಕಣ್ಣುರಿ, ಬೊಜ್ಜು ಇವುಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಯಂತ್ರಗಳು ಹಗಲಿರುಳೂ ಕಳುಹಿಸುವ ಈ ತಂತಾನೇ ಸಂದೇಶಗಳ ಬಗ್ಗೆ ಮಾತಾಡುವವರು ಕಡಿಮೆ. ಬೆಳಗಿನ ತಲೆಭಾರ, ಎದೆ ಡವಗುಟ್ಟುವಿಕೆ, ಹೊಟ್ಟೆಯುರಿ, ಸಣ್ಣ ಮಾತಿಗೂ ಸಿಡುಕು ಎಂದು ಚಿಕಿತ್ಸಾಲಯಕ್ಕೆ ಬರುವ ಯುವಕ ಯುವತಿಯರನ್ನು 'ರಾತ್ರಿ ಎಷ್ಟು ಸಲ ಏಳುತ್ತೀರಿ?' ಎಂದು ಕೇಳಿದಾಗ ಮಾತ್ರ ಈ ವಿಷಯ ಹೊರಬರುತ್ತದೆ. ಅವರಲ್ಲಿ ಹಲವರ ರಕ್ತಪರೀಕ್ಷೆ, ಇ.ಸಿ.ಜಿ., ಥೈರಾಯ್ಡ್ ಎಲ್ಲವೂ ಸರಿಯಾಗಿಯೇ ಇರುತ್ತವೆ. ಕೆಟ್ಟಿರುವುದು ನಿದ್ದೆ.

ಯಂತ್ರ ಬರೆಯುವ ಚೀಟಿ

ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮನೆಯವರೂ ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಕಚೇರಿಯವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಸ್ಲ್ಯಾಕ್, ಮೈಕ್ರೋಸಾಫ್ಟ್ ಟೀಮ್ಸ್ ಮುಂತಾದ ಏರ್ಪಾಡುಗಳಿವೆ. ಸ್ಲ್ಯಾಕ್ ಸಾರ್ವಜನಿಕ ಬಳಕೆಗೆ ಬಂದದ್ದು 2014ರಲ್ಲಿ, ಟೀಮ್ಸ್ 2017ರಲ್ಲಿ. ನಮ್ಮ ವಾಟ್ಸಾಪ್ ಗುಂಪುಗಳಂತೆ ಅಲ್ಲಿಯೂ ಒಂದೊಂದು ಕೆಲಸಕ್ಕೆ ಒಂದೊಂದು ಗುಂಪು ಇರುತ್ತದೆ. ಅದಕ್ಕೆ ಚಾನೆಲ್ ಎನ್ನುತ್ತಾರೆ. ಈ ಚಾನೆಲ್‌ನಲ್ಲಿ ಮನುಷ್ಯರಲ್ಲದೆ ಪ್ರೋಗ್ರಾಂಗಳೂ ಬರೆಯಬಹುದು. ಅದಕ್ಕಾಗಿ ಚಾನೆಲ್‌ಗೆ ಒಂದು ಗುಟ್ಟಿನ ಅಂತರ್ಜಾಲ ವಿಳಾಸ ಕೊಟ್ಟಿರುತ್ತಾರೆ. ಅದರ ಹೆಸರು ವೆಬ್‌ಹುಕ್. ಪ್ರೋಗ್ರಾಂ ಆ ವಿಳಾಸಕ್ಕೆ ಒಂದು ಪುಟ್ಟ ಚೀಟಿ ಕಳುಹಿಸಿದರೆ ಸಾಕು, ಗುಂಪಿನವರ ಮೊಬೈಲ್‌ಗಳಲ್ಲಿ ಗಂಟೆ ಬಾರಿಸುತ್ತದೆ. ಸರ್ವರ್‌ನ ಡಿಸ್ಕು ಶೇ. 80 ತುಂಬಿತು, ಹಣ ಪಾವತಿ ನಿಧಾನವಾಯಿತು, ರಾತ್ರಿಯ ಲೆಕ್ಕ ಮುಗಿಯಿತು, ಯಾರೋ ಹೊಸ ಕೋಡ್ ಸೇರಿಸಿದರು, ಹೀಗೆ ಯಾವ ಸಂಗತಿಯನ್ನಾದರೂ ಕಳುಹಿಸಬಹುದು.

ಇದು ಮೂಲತಃ ಒಳ್ಳೆಯ ಉಪಾಯ. ಇಲ್ಲದಿದ್ದರೆ ಯಾರಾದರೊಬ್ಬರು ರಾತ್ರಿಯಿಡೀ ಪರದೆಯ ಮುಂದೆ ಕುಳಿತು ಕಾವಲು ಕಾಯಬೇಕಾಗುತ್ತಿತ್ತು. ತೊಂದರೆ ಇರುವುದು ಈ ಉಪಾಯದ ಅಗ್ಗತನದಲ್ಲಿ. ಅನುಭವಿ ಪ್ರೋಗ್ರಾಮರ್‌ಗೆ ಇಂಥ ಕೋಡ್ ಬರೆಯಲು ಐದು ನಿಮಿಷ ಸಾಕು, ಖರ್ಚೂ ಇಲ್ಲ. ಬರೆದವರು ಕೆಲವೊಮ್ಮೆ ಕೆಲಸ ಬಿಟ್ಟು ಬೇರೆ ಕಂಪೆನಿಗೆ ಹೋಗಿರುತ್ತಾರೆ, ಕೋಡ್ ಮಾತ್ರ ಗಂಟೆ ಬಾರಿಸುತ್ತಲೇ ಇರುತ್ತದೆ. ಸ್ಲ್ಯಾಕ್‌ನಲ್ಲಿ ಇಂಥ ಒಂದು ವಿಳಾಸಕ್ಕೆ ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಸಂದೇಶ ಎಂಬ ಮಿತಿಯಿದೆ. ಆದರೆ ಅದು ಯಂತ್ರದ ಮೇಲಿನ ಹೊರೆಗೆ ಹಾಕಿದ ಮಿತಿ, ಮನುಷ್ಯನ ಮಿದುಳಿಗೆ ಹಾಕಿದ್ದಲ್ಲ. ರಾಸಾಯನಿಕ ಕಾರ್ಖಾನೆಗಳ ನಿಯಂತ್ರಣ ಕೊಠಡಿಗಳಿಗಾಗಿ ಬ್ರಿಟನ್ನಿನಲ್ಲಿ 1999ರಲ್ಲಿ ಪ್ರಕಟವಾದ ಪ್ರಸಿದ್ಧ ಮಾರ್ಗಸೂಚಿಯು ಎಚ್ಚರವಾಗಿ ಕುಳಿತು ಅದೇ ಕೆಲಸ ಮಾಡುವ ಒಬ್ಬ ನೌಕರನಿಗೆ ಹತ್ತು ನಿಮಿಷಕ್ಕೆ ಒಂದಕ್ಕಿಂತ ಕಡಿಮೆ ಎಚ್ಚರಿಕೆ ಬಂದರೆ ಅದು ಒಪ್ಪಬಹುದಾದ ಪ್ರಮಾಣ ಎಂದು ಹೇಳಿದೆ. ಸೆಕೆಂಡಿಗೆ ಒಂದು ಎಲ್ಲಿ, ಹತ್ತು ನಿಮಿಷಕ್ಕೆ ಒಂದು ಎಲ್ಲಿ!

ಗಡಿಯಾರದ ಲೆಕ್ಕವೂ ನಮಗೆ ಅನನುಕೂಲವಾಗಿದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡುಹಗಲಾದಾಗ ಇಲ್ಲಿ ನಡುರಾತ್ರಿ ದಾಟಿರುತ್ತದೆ. ಅಲ್ಲಿನ ಗ್ರಾಹಕರು ಹೆಚ್ಚು ಬಳಸುವ ಹೊತ್ತಿನಲ್ಲೇ ಯಂತ್ರಗಳು ಹೆಚ್ಚು ದೂರುತ್ತವೆ. ಇನ್ನೊಂದು ಸಂಗತಿ: ಅನೇಕ ಪ್ರೋಗ್ರಾಂಗಳು ಅಂತರರಾಷ್ಟ್ರೀಯ ಕಾಲಮಾನದ ಮಧ್ಯರಾತ್ರಿಗೆ ತಮ್ಮ ದಿನದ ವರದಿ ಕಳುಹಿಸುವಂತೆ ಹೊಂದಿಸಲ್ಪಟ್ಟಿರುತ್ತವೆ. ಅದು ನಮಗೆ ಬೆಳಗಿನ ಜಾವ ಐದೂವರೆ. ಕನಸು ಬೀಳುವ ನಿದ್ದೆ ಹೆಚ್ಚಾಗಿರುವುದು ರಾತ್ರಿಯ ಕೊನೆಯ ಭಾಗದಲ್ಲಿ. 'ಎಲ್ಲವೂ ಸರಿಯಾಗಿದೆ' ಎಂದು ತಿಳಿಸಲು ಯಂತ್ರವು ಆ ನಿದ್ದೆಯನ್ನು ಕೆಡಿಸುತ್ತದೆ.

ದೇಹದೊಳಗೆ ಏನಾಗುತ್ತದೆ?

ನಿದ್ದೆ ಎಂಬುದು ಒಂದೇ ಹದದಲ್ಲಿ ಸಾಗುವುದಿಲ್ಲ. ಸುಮಾರು 90 ನಿಮಿಷಗಳ ಆವರ್ತಗಳಲ್ಲಿ ಹಗುರ ನಿದ್ದೆ, ಗಾಢ ನಿದ್ದೆ, ಕನಸಿನ ನಿದ್ದೆ ಒಂದಾದ ಮೇಲೊಂದು ಬರುತ್ತವೆ. ಶಬ್ದ ಕೇಳಿ ತಟ್ಟನೆ ಎಚ್ಚರವಾದಾಗ ನಾಡಿಯ ಬಡಿತ ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ. ಅಪಾಯ ಬಂದಾಗ ಓಡಲೋ ಹೋರಾಡಲೋ ದೇಹ ಸಿದ್ಧವಾಗುವ ಪರಿ ಇದು. ಹಾವು ಬಂದಿದ್ದರೆ ಇದರಿಂದ ಉಪಯೋಗವಿತ್ತು. 'ಡಿಸ್ಕು ಶೇ. 80' ಎಂಬ ಸಂದೇಶಕ್ಕೆ ಇಷ್ಟೊಂದು ಸಿದ್ಧತೆ ಬೇಕಿಲ್ಲ. ಹೀಗೆ ಎದ್ದವರು ಪುನಃ ಗಾಢ ನಿದ್ದೆಗೆ ಇಳಿಯಲು ಹೊತ್ತು ಹಿಡಿಯುತ್ತದೆ. ಎಂಟು ಗಂಟೆ ಹಾಸಿಗೆಯಲ್ಲಿದ್ದರೂ ನಿದ್ದೆ ಚೂರುಚೂರಾಗಿರುತ್ತದೆ.

ಎದ್ದ ಕೂಡಲೇ ಮಿದುಳು ಪೂರ್ತಿ ಚುರುಕಾಗಿರುವುದಿಲ್ಲ ಎಂಬುದನ್ನೂ ಗಮನಿಸಬೇಕು. ಗಾಢ ನಿದ್ದೆಯಿಂದ ಎಬ್ಬಿಸಿದರೆ ಸಾಮಾನ್ಯವಾಗಿ 15ರಿಂದ 30 ನಿಮಿಷಗಳ ಕಾಲ ಮಂಪರು ಇರುತ್ತದೆ. ಈ ಮಂಪರಿನಲ್ಲೇ ಕೋಟ್ಯಂತರ ರೂಪಾಯಿ ವಹಿವಾಟಿನ ಯಂತ್ರಕ್ಕೆ ಕೈಹಾಕಿ ಎಂದು ನಾವು ನಮ್ಮ ಮಕ್ಕಳಿಗೆ ಹೇಳುತ್ತಿದ್ದೇವೆ. ಒಂದು ತಪ್ಪು ಗುಂಡಿ ಒತ್ತಿದರೆ ಮೂಲ ದೋಷಕ್ಕಿಂತ ದೊಡ್ಡ ಅನಾಹುತವಾಗಬಹುದು.

ಇನ್ನೂ ಮುಖ್ಯವಾದ ಅಂಶವೊಂದಿದೆ. ಗಂಟೆ ಬಾರಿಸದ ರಾತ್ರಿಯಲ್ಲೂ ನಿದ್ದೆ ಕೆಡುತ್ತದೆ. ಸ್ವೀಡನ್ನಿನ ತೋರ್ಸ್‌ವಾಲ್ ಮತ್ತು ಓಕರ್‌ಸ್ಟೆಟ್ ಎಂಬ ಸಂಶೋಧಕರು ಹಡಗಿನ ಎಂಜಿನಿಯರುಗಳ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿ 1988ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆ ಎಂಜಿನಿಯರುಗಳ ಕೆಲಸ ಇಂದಿನ ನಮ್ಮ ಹುಡುಗರ ಕೆಲಸದಂತೆಯೇ ಇತ್ತು. ರಾತ್ರಿ ಯಂತ್ರದ ಕೋಣೆಯಲ್ಲಿ ಯಾರೂ ಇರುತ್ತಿರಲಿಲ್ಲ. ದೋಷ ಕಂಡರೆ ಯಂತ್ರವೇ ಅವರ ಕೋಣೆಯ ಗಂಟೆ ಬಾರಿಸುತ್ತಿತ್ತು. ಕರೆಗೆ ಕಾದಿದ್ದ ರಾತ್ರಿಗಳಲ್ಲಿ ಅವರ ಗಾಢ ನಿದ್ದೆ ಕಡಿಮೆಯಾಗಿತ್ತು, ಹೃದಯದ ಬಡಿತ ಹೆಚ್ಚಾಗಿತ್ತು. ಗಂಟೆ ಬಾರಿಸುವ ಮೊದಲೇ ಈ ವ್ಯತ್ಯಾಸ ಕಂಡಿತ್ತು. ಬರಬಹುದೆಂಬ ಆತಂಕವೇ ಇದಕ್ಕೆ ಕಾರಣ ಎಂಬುದು ಅವರ ಅಭಿಪ್ರಾಯ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಚಿಂತೆಯಿದ್ದವನಿಗೆ ಹವಾನಿಯಂತ್ರಿತ ಕೋಣೆಯಲ್ಲೂ ನಿದ್ದೆಯಿಲ್ಲ.

ವಯಸ್ಕರಿಗೆ ದಿನಕ್ಕೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾತಜ್ಞರ ಸಂಘಗಳು 2015ರಲ್ಲಿ ಒಮ್ಮತದಿಂದ ಹೇಳಿವೆ. ವರ್ಷಗಟ್ಟಲೆ ನಿದ್ದೆಗೆಟ್ಟವರಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೊಜ್ಜು, ಖಿನ್ನತೆ ಇವುಗಳ ಸಾಧ್ಯತೆ ಹೆಚ್ಚು. ಮರುದಿನ ವಾಹನ ಚಲಾಯಿಸುವಾಗ ತೂಕಡಿಕೆಯಿಂದ ಆಗುವ ಅಪಘಾತದ ಭಯ ಬೇರೆ.

ಆಸ್ಪತ್ರೆಗಳು ಕಲಿತ ಪಾಠ

'ಸ್ವಲ್ಪ ನಿದ್ದೆಗೆಟ್ಟರೂ ಚಿಂತೆಯಿಲ್ಲ, ಸುರಕ್ಷತೆ ಮುಖ್ಯ' ಎಂದು ಕೆಲವರು ವಾದಿಸಬಹುದು. ಹೆಚ್ಚು ಗಂಟೆಗಳಿದ್ದರೆ ಹೆಚ್ಚು ಸುರಕ್ಷತೆ ಎಂಬುದು ಅವರ ನಂಬಿಕೆ. ಈ ನಂಬಿಕೆ ತಪ್ಪೆಂದು ವೈದ್ಯಕೀಯ ರಂಗ ದೊಡ್ಡ ಬೆಲೆ ತೆತ್ತು ಕಲಿತಿದೆ.

ತೀವ್ರ ನಿಗಾ ಘಟಕದಲ್ಲಿ ಬಂಧುಗಳನ್ನು ನೋಡಲು ಹೋದವರಿಗೆ ಗೊತ್ತು, ಅಲ್ಲಿ ಪ್ರತಿ ಹಾಸಿಗೆಯ ಪಕ್ಕದಲ್ಲೂ ಏನಾದರೊಂದು ಯಂತ್ರ ಕೂಗುತ್ತಲೇ ಇರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯ ಐದು ತೀವ್ರ ನಿಗಾ ಘಟಕಗಳಲ್ಲಿ 31 ದಿನ ಈ ಕೂಗುಗಳನ್ನೆಲ್ಲ ಎಣಿಸಿದರು. ಫಲಿತಾಂಶ ಪ್ರಕಟವಾದದ್ದು 2014ರಲ್ಲಿ. 461 ರೋಗಿಗಳಿಗೆ ಸಂಬಂಧಿಸಿದಂತೆ 25 ಲಕ್ಷಕ್ಕೂ ಮಿಕ್ಕಿ ಎಚ್ಚರಿಕೆಗಳು ದಾಖಲಾಗಿದ್ದವು. ಕಿವಿಗೆ ಕೇಳಿಸುವಂಥವೇ ಒಂದು ಹಾಸಿಗೆಗೆ ದಿನಕ್ಕೆ 187. ಹೃದಯ ಬಡಿತದ ಏರುಪೇರಿನ ಎಚ್ಚರಿಕೆಗಳಲ್ಲಿ ತಜ್ಞರು ಕೂಲಂಕಷವಾಗಿ ಪರಿಶೀಲಿಸಿದವುಗಳ ಪೈಕಿ ಶೇ. 88.8ರಷ್ಟು ಸುಳ್ಳು!

ದಿನಕ್ಕೆ 187 ಸಲ ತೋಳ ಬಂತು ತೋಳ ಎಂದು ಕೂಗಿದರೆ, ನಿಜವಾಗಿ ತೋಳ ಬಂದ ದಿನ ಯಾರು ಓಡಿ ಬಂದಾರು? ನರ್ಸುಗಳ ಅಶ್ರದ್ಧೆಯ ಮಾತು ಇದಲ್ಲ. ಅರ್ಥವಿಲ್ಲದ ಶಬ್ದವನ್ನು ಕೇಳಿಸಿಕೊಳ್ಳದಿರುವುದು ಮಿದುಳಿನ ಸಹಜ ಗುಣ. ರೈಲು ಹಳಿಯ ಪಕ್ಕದ ಮನೆಯವರಿಗೆ ರೈಲಿನ ಸದ್ದು ಕೇಳಿಸದಂತೆ. ವೈದ್ಯರು ಇದಕ್ಕೆ ಎಚ್ಚರಿಕೆಯ ದಣಿವು ಎನ್ನುತ್ತಾರೆ. ಅಮೆರಿಕದ ಆಸ್ಪತ್ರೆಗಳ ಗುಣಮಟ್ಟ ಪರಿಶೀಲಿಸುವ ಜಾಯಿಂಟ್ ಕಮಿಷನ್ ಎಂಬ ಸಂಸ್ಥೆಗೆ 2009ರ ಜನವರಿಯಿಂದ 2012ರ ಜೂನ್‌ವರೆಗೆ ಯಂತ್ರಗಳ ಎಚ್ಚರಿಕೆಗೆ ಸಂಬಂಧಿಸಿದ 98 ದುರ್ಘಟನೆಗಳು ವರದಿಯಾಗಿದ್ದವು. ಅವುಗಳಲ್ಲಿ 80 ಸಾವಿನಲ್ಲಿ ಕೊನೆಗೊಂಡಿದ್ದವು. 2013ರಲ್ಲಿ ಈ ಸಂಸ್ಥೆ ಇದರ ಬಗ್ಗೆ ಎಲ್ಲ ಆಸ್ಪತ್ರೆಗಳನ್ನೂ ಎಚ್ಚರಿಸಿತು. ಎಚ್ಚರಿಕೆಗಳನ್ನು ಕಡಿಮೆ ಮಾಡುವುದೂ ರೋಗಿಯ ಸುರಕ್ಷತೆಯ ಭಾಗ ಎಂಬ ಅರಿವು ಅಲ್ಲಿಂದೀಚೆಗೆ ಬಲವಾಯಿತು.

ಆಸ್ಪತ್ರೆಯ ಹೊರಗೂ ಇದೇ ಕಥೆ. ಬ್ರಿಟನ್ನಿನ ಮಿಲ್‌ಫರ್ಡ್ ಹೇವನ್‌ನ ತೈಲ ಸಂಸ್ಕರಣಾಗಾರದಲ್ಲಿ 1994ರ ಜುಲೈ 24ರಂದು ಸ್ಫೋಟವಾಯಿತು. ಅದಕ್ಕೆ ಮುಂಚಿನ ಸುಮಾರು 11 ನಿಮಿಷಗಳಲ್ಲಿ ಇಬ್ಬರು ನೌಕರರ ಮುಂದೆ 275 ಎಚ್ಚರಿಕೆಗಳು ಬಂದಿದ್ದವು. ಯಾವುದನ್ನು ನೋಡುವುದು, ಯಾವುದನ್ನು ಬಿಡುವುದು?

ನಮ್ಮ ಬೆಂಗಳೂರಿಗೇ ಸಂಬಂಧಿಸಿದ ಉದಾಹರಣೆಯೂ ಇದೆ. ಅಮೆರಿಕದ ಟಾರ್ಗೆಟ್ ಎಂಬ ದೊಡ್ಡ ಅಂಗಡಿ ಸಮೂಹದ ಕಂಪ್ಯೂಟರುಗಳಿಗೆ 2013ರ ಕೊನೆಯಲ್ಲಿ ಕಳ್ಳರು ನುಗ್ಗಿ ಸುಮಾರು ನಾಲ್ಕು ಕೋಟಿ ಕಾರ್ಡುಗಳ ವಿವರ ಕದ್ದರು. 2014ರ ಮಾರ್ಚ್‌ನಲ್ಲಿ ಬಂದ ಪತ್ರಿಕಾ ವರದಿಯ ಪ್ರಕಾರ, ಕಾವಲು ತಂತ್ರಾಂಶವು ನವೆಂಬರ್ 30ರಂದೇ ಎಚ್ಚರಿಕೆ ಕೊಟ್ಟಿತ್ತು. ಅದನ್ನು ಗಮನಿಸಿದ ಬೆಂಗಳೂರಿನ ತಂಡ ಅಮೆರಿಕದ ಕಚೇರಿಗೆ ತಿಳಿಸಿಯೂ ಇತ್ತು. ಆದರೆ ಅಲ್ಲಿ ಏನೂ ನಡೆಯಲಿಲ್ಲ. ಆ ಸೂಚನೆಯನ್ನು ಪರಿಶೀಲಿಸಿ, ತಕ್ಷಣದ ಕ್ರಮ ಬೇಡವೆಂದು ತೀರ್ಮಾನಿಸಲಾಗಿತ್ತು ಎಂದು ಕಂಪೆನಿ ನಂತರ ಹೇಳಿತು. ಇಂಥ ತಂಡಗಳಿಗೆ ದಿನವೂ ಬರುವ ಸೂಚನೆಗಳ ರಾಶಿಯಲ್ಲಿ ನಿಜವಾದದ್ದನ್ನು ಹೆಕ್ಕುವುದು ಎಷ್ಟು ಕಷ್ಟ ಎಂಬ ಚರ್ಚೆ ಆಗ ಎದ್ದಿತು. ಗಂಟೆ ಬಾರಿಸಿದ ಮಾತ್ರಕ್ಕೆ ಕಳ್ಳ ಸಿಕ್ಕುವುದಿಲ್ಲ. ಕೇಳಿಸಿಕೊಳ್ಳುವ ಮನುಷ್ಯ ಚುರುಕಾಗಿರಬೇಕು.

ಸಂದೇಶವೂ ಒಂದು ಔಷಧ

ಆದ್ದರಿಂದ ನನ್ನ ಸ್ಪಷ್ಟ ಅಭಿಪ್ರಾಯ ಇದು. ಕೋಡ್ ಮೂಲಕ ಜನರ ಮೊಬೈಲಿಗೆ ಸಂದೇಶ ಕಳುಹಿಸುವುದನ್ನು ಔಷಧ ಬರೆಯುವಷ್ಟೇ ಜವಾಬ್ದಾರಿಯಿಂದ ಮಾಡಬೇಕು. ಔಷಧದ ಚೀಟಿಯಲ್ಲಿ ಯಾರಿಗೆ, ಏಕೆ, ಎಷ್ಟು, ಯಾವಾಗ, ಎಲ್ಲಿಯವರೆಗೆ ಎಂದು ಬರೆದಿರುತ್ತದೆ. ಇಡೀ ಓಣಿಗೆ ಒಂದೇ ಮಾತ್ರೆ ಹಂಚುವ ವೈದ್ಯನನ್ನು ಯಾರೂ ಒಪ್ಪುವುದಿಲ್ಲ. ಸಂದೇಶಗಳ ವಿಷಯದಲ್ಲೂ ಈ ಐದು ಪ್ರಶ್ನೆಗಳನ್ನು ಕೇಳಲೇಬೇಕು.

ಯಾರಿಗೆ? ಆ ರಾತ್ರಿ ಪಾಳಿಯಲ್ಲಿರುವ ಒಬ್ಬರಿಗೆ ಮಾತ್ರ ಗಂಟೆ ಬಾರಿಸಲಿ. ಗುಂಪಿನ ಮೂವತ್ತು ಜನರನ್ನೂ ಎಬ್ಬಿಸಿದರೆ, 'ಬೇರೆ ಯಾರಾದರೂ ನೋಡಿಕೊಳ್ಳುತ್ತಾರೆ' ಎಂದು ಮೂವತ್ತೂ ಜನ ಮಲಗುತ್ತಾರೆ.

ಏಕೆ? ಸಂದೇಶ ಓದಿದವರು ಈಗಲೇ ಏನಾದರೂ ಮಾಡಬೇಕಾಗಿದೆಯೇ? ಮಾಡುವುದೇನೂ ಇಲ್ಲದಿದ್ದರೆ ಅದು ಎಚ್ಚರಿಕೆಯಲ್ಲ, ಬರೀ ಸುದ್ದಿ. ಕುಕ್ಕರ್ ಕೂಗಿದರೆ ಒಲೆ ಆರಿಸಬೇಕೆಂದು ಮನೆಯವರಿಗೆ ಗೊತ್ತು. ಅಕ್ಕಿ ಬೆಂದದ್ದು, ನೀರು ಕಾದದ್ದು, ಗ್ಯಾಸ್ ಅರ್ಧ ಆದದ್ದು ಎಲ್ಲಕ್ಕೂ ಅದು ಕೂಗುತ್ತಿದ್ದರೆ ನಾವು ಅದನ್ನು ಅಟ್ಟಕ್ಕೆ ಹಾಕುತ್ತಿದ್ದೆವು.

ಎಷ್ಟು? ಒಂದೇ ದೋಷಕ್ಕೆ ನೂರು ಸಂದೇಶ ಬೇಡ. ಒಂದೇ ಬಗೆಯವನ್ನು ಒಟ್ಟುಗೂಡಿಸಿ ಒಂದಾಗಿ ಕಳುಹಿಸುವಂತೆ, ಒಂದೆರಡು ನಿಮಿಷಗಳಲ್ಲಿ ತಾನಾಗಿಯೇ ಸರಿಹೋಗುವ ದೋಷಕ್ಕೆ ಗಂಟೆ ಬಾರಿಸದಂತೆ ಕೋಡ್ ಬರೆಯಬಹುದು. ಇದೇನೂ ಕಷ್ಟದ ವಿದ್ಯೆಯಲ್ಲ. ಗೂಗಲ್ ಕಂಪೆನಿಯ ಎಂಜಿನಿಯರುಗಳು 2016ರಲ್ಲಿ ಪ್ರಕಟಿಸಿದ ತಮ್ಮ ಕಾರ್ಯವಿಧಾನದ ಪುಸ್ತಕದಲ್ಲಿ, 12 ಗಂಟೆಯ ಒಂದು ಪಾಳಿಗೆ ಎರಡು ಘಟನೆಗಳಿಗಿಂತ ಹೆಚ್ಚು ಇರಬಾರದು ಎಂದು ಬರೆದಿದ್ದಾರೆ. ಗೂಗಲ್‌ನಂಥ ಕಂಪೆನಿಗೆ ಈ ಮಿತಿ ಸಾಧ್ಯವೆಂದರೆ ಉಳಿದವರಿಗೇಕೆ ಸಾಧ್ಯವಿಲ್ಲ?

ಯಾವಾಗ? ದಿನದ ವರದಿ ಬೆಳಿಗ್ಗೆ ಹತ್ತಕ್ಕೆ ಬಂದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಜಾವ ಐದೂವರೆಯ ಸಮಯವನ್ನು ಬದಲಿಸಲು ಒಂದು ಸಾಲಿನ ತಿದ್ದುಪಡಿ ಸಾಕು.

ಎಲ್ಲಿಯವರೆಗೆ? ಪ್ರತಿ ಸಂದೇಶಕ್ಕೂ ಒಬ್ಬ ವಾರಸುದಾರರಿರಬೇಕು. ಮೂರು ತಿಂಗಳಿಗೊಮ್ಮೆ ಪಟ್ಟಿ ತೆಗೆದು, ಯಾರೂ ಕ್ರಮ ಕೈಗೊಳ್ಳದ ಸಂದೇಶಗಳನ್ನು ನಿಲ್ಲಿಸಬೇಕು. ಹಳೆಯ ರೋಗಿಗಳ ಮಾತ್ರೆಗಳ ಪಟ್ಟಿಯನ್ನು ನಾವು ಆಗಾಗ ಪರಿಶೀಲಿಸಿ ಬೇಡವಾದದ್ದನ್ನು ತೆಗೆಯುವ ಕ್ರಮವೇ ಇದು.

ರಾತ್ರಿ ಪಾಳಿಯನ್ನೇ ನಾನು ವಿರೋಧಿಸುತ್ತಿಲ್ಲ. ವೈದ್ಯರು, ನರ್ಸುಗಳು, ಪೊಲೀಸರು, 108 ಆಂಬ್ಯುಲೆನ್ಸ್ ಚಾಲಕರು, ವಿದ್ಯುತ್ ಲೈನ್‌ಮನ್‌ಗಳು ರಾತ್ರಿ ದುಡಿಯುತ್ತಾರೆ. ಆಸ್ಪತ್ರೆಯ ಕಂಪ್ಯೂಟರ್ ನಿಂತರೆ, ಜನರ ಹಣ ಸಿಕ್ಕಿಹಾಕಿಕೊಂಡರೆ ಯಾರಾದರೂ ಏಳಲೇಬೇಕು. ಆದರೆ ಪಾಳಿ ಎಂದರೆ ಸರದಿ. ಒಬ್ಬರೇ ವರ್ಷವಿಡೀ ಮೊಬೈಲ್ ಹಿಡಿದು ಮಲಗುವುದು ಪಾಳಿಯಲ್ಲ. ರಾತ್ರಿ ಎದ್ದು ಕೆಲಸ ಮಾಡಿದವರಿಗೆ ಮರುದಿನ ಬೆಳಿಗ್ಗೆ ವಿರಾಮ ಸಿಗಬೇಕು. ಕೆಲಸದ ವೇಳೆಯ ಆಚೆ ಸಂಪರ್ಕ ಕಡಿದುಕೊಳ್ಳುವ ಹಕ್ಕಿನ ಕಾನೂನು ಫ್ರಾನ್ಸಿನಲ್ಲಿ 2017ರ ಜನವರಿ 1ರಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್ 26ರಿಂದ ಜಾರಿಯಾಗಿದೆ. ಆದರೆ ಯಂತ್ರದ ಸಂದೇಶಗಳನ್ನು ಕಡಿಮೆ ಮಾಡಲು ಕಾನೂನಿಗಾಗಿ ಕಾಯಬೇಕಾಗಿಲ್ಲ. ಆ ಕೋಡ್ ಬರೆದವರೂ ನಮ್ಮವರೇ, ತಿದ್ದಬಲ್ಲವರೂ ಅವರೇ.

ಕೆಲವು ಕಂಪೆನಿಗಳು ನೌಕರರ ಒತ್ತಡ ಕಡಿಮೆ ಮಾಡಲು ಧ್ಯಾನ ಶಿಬಿರ, ಯೋಗ ತರಗತಿ ನಡೆಸುತ್ತವೆ. ಒಳ್ಳೆಯದೇ. ಆದರೆ ಕಾಲಿಗೆ ಚುಚ್ಚಿದ ಮುಳ್ಳನ್ನು ಕೀಳದೆ ನೋವಿನ ಮುಲಾಮು ಹಚ್ಚಿದರೆ ಏನು ಪ್ರಯೋಜನ? ಮೊದಲು ಮುಳ್ಳು ತೆಗೆಯಲಿ.

ಮನೆಯಲ್ಲಿ ಮಾಡಬಹುದಾದದ್ದು

ಮೊಬೈಲ್‌ನಲ್ಲೂ ಸ್ಲ್ಯಾಕ್, ಟೀಮ್ಸ್‌ಗಳಲ್ಲೂ ನಿಗದಿತ ವೇಳೆಯಲ್ಲಿ ಸದ್ದಾಗದಂತೆ ಮಾಡುವ ಸೌಲಭ್ಯವಿದೆ. ಪಾಳಿಯಿಲ್ಲದ ದಿನ ಅದನ್ನು ತಪ್ಪದೆ ಬಳಸಿ. ಪಾಳಿಯ ದಿನ ತುರ್ತು ಕರೆಗೆ ಮಾತ್ರ ಬೇರೆಯದೇ ಸದ್ದು ಇಟ್ಟುಕೊಂಡು ಉಳಿದದ್ದನ್ನೆಲ್ಲ ಮೌನವಾಗಿಡಿ. ತುರ್ತು ಕರೆ ಯಾವ ಸದ್ದಿನದೆಂದು ಗೊತ್ತಿದ್ದರೆ ಮನಸ್ಸಿಗೂ ಸಮಾಧಾನ. ಮೊಬೈಲನ್ನು ದಿಂಬಿನ ಕೆಳಗಿಡದೆ ಕೈಗೆಟುಕದಷ್ಟು ದೂರದ ಮೇಜಿನ ಮೇಲಿಡಿ. ಸಂಜೆಯ ನಂತರ ಕಾಫಿ ಬೇಡ. ಕಾಫಿಯ ಕೆಫೀನ್ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಒಂದು ವಾರದ ಮಟ್ಟಿಗೆ ರಾತ್ರಿ ಎಷ್ಟು ಸಲ ಎದ್ದಿರಿ, ಅದರಲ್ಲಿ ಎಷ್ಟು ಸಲ ನಿಜವಾಗಿ ಕೆಲಸವಿತ್ತು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಮೇಲಧಿಕಾರಿಯ ಬಳಿ ಮಾತಾಡುವಾಗ 'ತುಂಬಾ ಕಷ್ಟವಾಗಿದೆ' ಎನ್ನುವುದಕ್ಕಿಂತ ಈ ಲೆಕ್ಕ ಹೆಚ್ಚು ಪರಿಣಾಮಕಾರಿ.

ಮನೆಯ ಹಿರಿಯರಲ್ಲೂ ಒಂದು ವಿನಂತಿ. ರಾತ್ರಿ ಎದ್ದು ಕೆಲಸ ಮಾಡಿದ ಮಗಳೋ ಸೊಸೆಯೋ ಬೆಳಿಗ್ಗೆ ಎಂಟರವರೆಗೆ ಮಲಗಿದರೆ ಅದನ್ನು ಸೋಮಾರಿತನವೆಂದು ಭಾವಿಸಬೇಡಿ. ಮಗ ಮಲಗಿದ್ದರೆ 'ಪಾಪ, ದಣಿದಿದ್ದಾನೆ' ಎಂದೂ, ಸೊಸೆ ಮಲಗಿದ್ದರೆ 'ಇನ್ನೂ ಎದ್ದಿಲ್ಲವೇ?' ಎಂದೂ ಹೇಳುವ ಮನೆಗಳಿವೆ. ನಿದ್ದೆಯ ಅಗತ್ಯ ಇಬ್ಬರಿಗೂ ಒಂದೇ.

ವಾರಕ್ಕೆ ಮೂರು ನಾಲ್ಕು ರಾತ್ರಿ ನಿದ್ದೆ ಬಾರದೆ ಅದು ತಿಂಗಳುಗಟ್ಟಲೆ ಮುಂದುವರಿದರೆ, ಮೊಬೈಲ್ ಸದ್ದು ಕೇಳಿದೊಡನೆ ಎದೆ ಬಡಿದುಕೊಂಡರೆ, ರಜೆಯಲ್ಲೂ ಇಲ್ಲದ ಸದ್ದು ಕೇಳಿದಂತಾದರೆ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ ವೈದ್ಯರನ್ನು ಕಾಣಿ. ಜೋರಾದ ಗೊರಕೆ, ನಿದ್ದೆಯಲ್ಲಿ ಉಸಿರುಗಟ್ಟಿದಂತಾಗುವುದು ಇದ್ದರೆ ಅದಕ್ಕೆ ಬೇರೆಯೇ ಕಾರಣವಿರಬಹುದು, ಪರೀಕ್ಷೆ ಅಗತ್ಯ. ಪರಿಚಯದ ಔಷಧದ ಅಂಗಡಿಯಿಂದ ಆಲ್‌ಪ್ರಜೋಲಾಂನಂಥ ಮಾತ್ರೆ ತಂದು ನುಂಗುವ ಅಭ್ಯಾಸ ಬೇಡ. ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರುವಂತಿಲ್ಲ. ಅದು ಚಟವಾಗಿ ಅಂಟಿಕೊಳ್ಳುತ್ತದೆ. ಅದನ್ನು ನುಂಗಿದ ರಾತ್ರಿ ಕರೆ ಬಂದರೆ ಮಂಪರು ಇನ್ನೂ ಹೆಚ್ಚಾಗಿ ಕೆಲಸದಲ್ಲಿ ತಪ್ಪಾಗುವ ಸಂಭವವೂ ಉಂಟು.

ಈ ಅಂಕಣ ಓದುವ ಮನೆಗಳಲ್ಲಿ ಇಂಥ ಕೋಡ್ ಬರೆಯುವವರೂ ಇದ್ದೀರಿ. ನಾಳೆ ಕಚೇರಿಗೆ ಹೋದಾಗ ನಿಮ್ಮ ಹೆಸರಿನಲ್ಲಿ ಹೋಗುತ್ತಿರುವ ಸಂದೇಶಗಳ ಪಟ್ಟಿ ತೆಗೆಯಿರಿ. ಕಳೆದ ತಿಂಗಳಲ್ಲಿ ಯಾರೂ ಯಾವ ಕ್ರಮವನ್ನೂ ಕೈಗೊಳ್ಳದ ಒಂದನ್ನಾದರೂ ನಿಲ್ಲಿಸಿ. ನಿಮ್ಮ ಜೊತೆಯಲ್ಲಿ ದುಡಿಯುವ ಯಾರದೋ ನಿದ್ದೆ ಉಳಿಯುತ್ತದೆ. ಉಳಿದ ಸಂದೇಶಗಳಿಗೂ ಬೆಲೆ ಬರುತ್ತದೆ.